ಮೆಕ್ಕೆಜೋಳದ ಬೆಂಡು, ಅಡಿಕೆ ಸಿಪ್ಪೆಯಿಂದ ಎಥನಾಲ್ ಮಾಡೋಕಾಗುತ್ತಾ? ಸಣ್ಣ ಯೂನಿಟ್ ಹಾಕಿದ್ರೆ ವರ್ಕೌಟ್ ಆಗುತ್ತಾ?

ಬೆಂಡು_ಬಣವೆ:

ಎಲ್ಲರಿಗೂ ನಮಸ್ಕಾರ. ನಮ್ದು ಚನ್ನಗಿರಿ ತಾಲೂಕು, ಸ್ವಲ್ಪ ಅಡಿಕೆ, ಉಳಿದಿದ್ರಲ್ಲಿ ಮೆಕ್ಕೆಜೋಳ. ವಿಷಯ ಏನಪ್ಪಾ ಅಂದ್ರೆ ಸೀಸನ್ ಬಂತು ಅಂದ್ರೆ ಖೇಣಿಯವ್ರು (ತೋಟದ ಫಸಲು ಗುತ್ತಿಗೆ ತಗೊಳ್ಳೋರು) ಅಡಿಕೆ ಸುಲಿಸಿ ಸಿಪ್ಪೆನ ಟ್ರ್ಯಾಕ್ಟರಲ್ಲಿ ತಂದು ರೋಡ್ ಪಕ್ಕಕ್ಕೆ ಸುರಿದು ಹೋಗ್ತಾರೆ, ಆಮೇಲೆ ಯಾರೋ ಒಬ್ಬ ಬೆಂಕಿ ಹಚ್ತಾನೆ, ಅದು ಉರಿಯೋದೂ ಇಲ್ಲ ಆರೋದೂ ಇಲ್ಲ, ವಾರಗಟ್ಟಲೆ ಹೊಗೆ, ಸಂಜೆ ಬೈಕಲ್ಲಿ ಹೋದ್ರೆ ಕಣ್ಣು ಬಿಡೋಕಾಗಲ್ಲ. ಇತ್ಲಾಗೆ ಜೋಳದ ಮಿಷನ್ ಬಂದು ಹೋದ್ಮೇಲೆ ಕಣದಲ್ಲಿ ಬೆಂಡಿನ (ಕಾಳು ಉದುರಿಸಿದ ಖಾಲಿ ತೆನೆ) ಗುಡ್ಡೆ, ಒಂದಿಷ್ಟು ಒಲೆಗೆ, ಉಳಿದಿದ್ದು ಗೆದ್ದಲಿಗೆ.

ಮೊನ್ನೆ ನಮ್ ಭಾವಮೈದ ಒಂದು ರೀಲ್ ಕಳಿಸಿದ, ಕಸದಿಂದ ಪೆಟ್ರೋಲ್ ಮಾಡಿ, 10 ಲಕ್ಷಕ್ಕೆ ಯೂನಿಟ್, ತಿಂಗಳಿಗೆ ಇಷ್ಟು ಲಾಭ ಅಂತ. ಅವನು ಜಾಗ ನೋಡೋಕೂ ಶುರು ಮಾಡಿದಾನೆ. ಪಾಣಿಪತ್‌ನಲ್ಲಿ ಇಂಡಿಯನ್ ಆಯಿಲ್‌ನವ್ರು ಭತ್ತದ ಹುಲ್ಲಿಂದ ಎಥನಾಲ್ ತೆಗೆಯೋ ಫ್ಯಾಕ್ಟರಿ ಹಾಕಿದಾರೆ ಅಂತ ಗೊತ್ತು. ನಮ್ಮ ಹರಿಹರದ ಹತ್ರ ಹನಗವಾಡಿಯಲ್ಲೂ ಎಂಆರ್‌ಪಿಎಲ್‌ನವ್ರು (ಮಂಗಳೂರು ರಿಫೈನರಿ) ಇಂಥದ್ದೇ ಒಂದು ಹಾಕ್ತಾರೆ, ದಿನಕ್ಕೆ 60 ಸಾವಿರ ಲೀಟರ್, ಜೋಳದ ಬೆಂಡು, ಸೆಪ್ಪೆ (ಒಣ ದಂಟು) ಎಲ್ಲಾ ತಗೋತಾರೆ ಅಂತ ಪೇಪರಲ್ಲಿ ಓದಿ ಎಷ್ಟೋ ವರ್ಷ ಆಯ್ತು. ಈಗ ನನ್ ಪ್ರಶ್ನೆ ಇಷ್ಟೇ, ದೊಡ್ಡೋರು ಮಾಡೋದನ್ನ ನಾವು ನಾಲ್ಕೈದು ಜನ ಸೇರ್ಕೊಂಡು ಸಣ್ಣದಾಗಿ ಮಾಡೋಕೆ ಆಗಲ್ವಾ? ಕಚ್ಚಾ ಮಾಲಂತೂ ಬಿಟ್ಟಿ ಬಿದ್ದಿದೆ. ಸಬ್ಸಿಡಿ ಏನಾದ್ರೂ ಇದೆಯಾ? ಗೊತ್ತಿರೋರು ಹೇಳಿ, ಸುಮ್ನೆ ಕಾಲೆಳೀಬೇಡಿ.

ಡಿಸ್ಟಿಲರಿ_ನೈಟ್‌ಶಿಫ್ಟ್:

ನಮಸ್ಕಾರ್ರೀ. ನಾ ಬಾಗಲಕೋಟಿ ಕಡೆ ಒಂದು ಸಕ್ಕರಿ ಫ್ಯಾಕ್ಟರಿ ಡಿಸ್ಟಿಲರಿಯೊಳಗ ಶಿಫ್ಟ್ ನೋಡ್ಕೋತೀನಿ. ಮೊದ್ಲ ನಿಮ್ಮ ಭಾವಮೈದುನಗ ಅಡ್ವಾನ್ಸ್ ಏನೂ ಕೊಡಬ್ಯಾಡ ಅಂತ ಹೇಳ್ರಿ, ಉಳಿದಿದ್ದು ಆಮ್ಯಾಲೆ ಮಾತಾಡೋಣ.

ನಾವು ಮಾಡೋದು ಕಾಕಂಬಿಯಿಂದ, ಸಕ್ಕರಿ ತೆಗೆದ ಮ್ಯಾಲೆ ಉಳಿಯೋ ಕರಿ ಪಾಕ. ಅದರಾಗ ಸಕ್ಕರಿ ಮೊದಲ ಐತಿ, ನೀರು ಕೂಡ್ಸಿ ಯೀಸ್ಟ್ ಬಿಟ್ರ ಒಂದು ಒಂದೂವರಿ ದಿನಕ್ಕ ವಾಶ್ (ಹುಳಿ ಬಂದ ನೀರು) ರೆಡಿ ಆಗ್ತೈತಿ, ಭಟ್ಟಿ ಇಳಿಸೋ ಕಾಲಂಗೆ ಏರಿಸಿದ್ರ ಮುಗೀತು. ಮೆಕ್ಕಿಜ್ವಾಳದ ಕಾಳಿಂದ ಮಾಡೋರು ಹಿಟ್ಟು ಕುದಿಸಿ ಎಂಜೈಮ್ ಹಾಕಿ ಪಿಷ್ಟಾನ ಸಕ್ಕರಿ ಮಾಡ್ಕೋತಾರ, ಅದೂ ಸಲೀಸs. ಆದ್ರ ಬೆಂಡು, ಸೆಪ್ಪಿ, ಹುಲ್ಲು, ಕಟಗಿ ಇವೆಲ್ಲದರಾಗ ಸಕ್ಕರಿ ಸೆಲ್ಯುಲೋಸ್, ಹೆಮಿಸೆಲ್ಯುಲೋಸ್ ಅಂತ ಉದ್ದುದ್ದ ಸರಪಳಿ ಆಗಿ ಕುಂತಿರ್ತೈತಿ, ಅದರ ಸುತ್ತ ಲಿಗ್ನಿನ್ ಗಚ್ಚು ಹಾಕಿದಂಗ ಹಿಡಕೊಂಡಿರ್ತೈತಿ. ಗಿಡ ಮಳಿ ಗಾಳಿಗೆ ನಿಂದ್ರಬೇಕಲ್ರೀ, ಹುಳಾ ತಿನ್ನಬಾರದಲ್ಲ, ಅದಕ್ಕ ಆ ಬಂದೋಬಸ್ತು. ಅದನ್ನ ಒಡಿಯೋದs ಇಲ್ಲಿ ದೊಡ್ಡ ಕೆಲಸ.

ಹೆಂಗ ಒಡೀತಾರ ಅಂದ್ರ, ಕತ್ತರಿಸಿ, ಮಣ್ಣು ಕಲ್ಲು ತೆಗದು, ಸ್ವಲ್ಪ ಸಲ್ಫ್ಯೂರಿಕ್ ಆ್ಯಸಿಡ್ ಕೂಡ್ಸಿ 160ರಿಂದ 200 ಡಿಗ್ರಿ ಹಬಿಯೊಳಗ ಪ್ರೆಷರ್ನ್ಯಾಗ ಇಟ್ಟು, ಒಮ್ಮಿಗೇ ಪ್ರೆಷರ್ ಬಿಟ್ಟುಬಿಡ್ತಾರ. ನಾರು ಒಳಗಿಂದs ಸಿಡಿದು ಬಿಚ್ಚಿಕೋತೈತಿ. ಬಿಸಿ ಆ್ಯಸಿಡ್ಡು, ಮ್ಯಾಲೆ ಪ್ರೆಷರ್ರು, ಅದರಾಗ ಮಣ್ಣು ಮರಳು ತಿಕ್ಕಾಟ ಬ್ಯಾರೆ, ಸಾದಾ ಕಬ್ಬಿಣದ ವೆಸಲ್ ಭಾಳ ದಿನ ತಾಳಂಗಿಲ್ಲ, ತುಟ್ಟಿ ಅಲಾಯ್ ಬೇಕು. 10 ಲಕ್ಷದಾಗ ಆ ವೆಸಲ್ಲಿನ ವಾಲ್ವ್ ಸೈತ ಬರೂದಿಲ್ಲ. ಅಲ್ಲಿಂದ ಮುಂದ ಎಂಜೈಮ್ ಹಾಕಿ 50 ಡಿಗ್ರಿ ಸುತ್ತ ಎರಡು ಮೂರು ದಿನ ಕಲಕ್ತಾ ಕುಂದ್ರಬೇಕು. ಅಷ್ಟೆಲ್ಲಾ ಮಾಡಿದ ಮ್ಯಾಲೂ ಸಕ್ಕರಿ ನೀರು ತೆಳ್ಳಗ, ನಮ್ಮ ವಾಶಿನ್ಯಾಗ 8-10 ಪರ್ಸೆಂಟ್ ಆಲ್ಕೋಹಾಲ್ ಬಂದ್ರ ಇದರಾಗ 4-5 ಬಂದ್ರ ಪುಣ್ಯ. ಅಂದ್ರ ಒಂದು ಲೀಟರ್ ಭಟ್ಟಿ ಇಳಿಸಾಕ ಹಬಿ ಭಾಳ ಸುಡಬೇಕು. ಭಟ್ಟಿಯಿಂದ 95 ಪರ್ಸೆಂಟ್ ಮಟ್ಟ ಬರ್ತೈತಿ, ಆ ಮ್ಯಾಲಿನ ನೀರು ಎಷ್ಟ ಕುದಿಸಿದ್ರೂ ಬಿಡೂದಿಲ್ಲ, ಮಾಲಿಕ್ಯುಲರ್ ಸೀವ್ (ನೀರು ಹಿಡ್ಕೊಳ್ಳೋ ಜರಡಿ) ಹಾಕಿ 99ರ ಮ್ಯಾಲೆ ಒಯ್ದ ಮ್ಯಾಲೇ ಪೆಟ್ರೋಲಿಗೆ ಕೂಡ್ಸಾಕ ಆಯಿಲ್ ಕಂಪನಿಯವ್ರು ಮುಟ್ಟೋದು.

ಇನ್ನೊಂದು, ಆಲ್ಕೋಹಾಲ್ ಅಂದ್ಮ್ಯಾಲೆ ಅಬಕಾರಿ ಲೈಸೆನ್ಸ್ ಬೇಕs ಬೇಕು. ಹಿತ್ತಲದಾಗ ಟ್ರಯಲ್ ನೋಡ್ತೀವಿ ಅಂತ ಡ್ರಮ್ ಇಟ್ರ ಕಳ್ಳಭಟ್ಟಿ ಕೇಸು. ಸ್ಟಾಕ್ ಇಡಾಕ ಪೆಟ್ರೋಲ್ ಬಂಕಿನಂಗ ಸೇಫ್ಟಿ ಪರ್ಮಿಶನ್ ಬ್ಯಾರೆ.

ನಿಮಗ ಒಂದು ಮಾತು ಕೇಳ್ತೀನಿ. ನಮ್ಮ ಯಾರ್ಡಿನ್ಯಾಗ ಬಗಾಸ್ (ರಸ ಹಿಂಡಿದ ಕಬ್ಬಿನ ಸಿಪ್ಪಿ) ಗುಡ್ಡ ಬಿದ್ದಿರ್ತೈತಿ. ಕೂಡಿಸೋ ಖರ್ಚಿಲ್ಲ, ಸಾಗಿಸೋ ಖರ್ಚಿಲ್ಲ, ಮಿಲ್ಲಿನ್ಯಾಗ ಅರದು ತೊಳದು ಬಂದಿರ್ತೈತಿ, ಬಾಜೂಕ ಡಿಸ್ಟಿಲರಿ ಐತಿ, ಲೈಸೆನ್ಸ್ ಐತಿ, ಟ್ಯಾಂಕರ್ ಬರ್ತಾವು. ಆದ್ರೂ ಮಾಲಕ್ರು ಅದನ್ನ ಬಾಯ್ಲರ್‌ಗೇ ಹಾಕಿ ಕರೆಂಟ್ ಮಾಡ್ತಾರ, ಎಥನಾಲ್ ಮಾಡೂದಿಲ್ಲ. ಯಾಕ ಅಂತ ವಿಚಾರ ಮಾಡ್ರಿ.

ಲ್ಯಾಬ್_ಮೇಡಂ:

ಮೇಲಿನವರು ಪ್ಲಾಂಟ್ ಕಡೆಯಿಂದ ಚೆನ್ನಾಗಿ ಹೇಳಿದಾರೆ, ನಾನು ಕಾಲೇಜಲ್ಲಿ ಮೈಕ್ರೋಬಯಾಲಜಿ ಪಾಠ ಮಾಡೋಳು, ಆ ಕಡೆಯಿಂದ ಒಂದೆರಡು ಸೇರಿಸ್ತೀನಿ.

ಇದು ಹೊಸ ಐಡಿಯಾ ಅಲ್ಲ. 1819ರಲ್ಲೇ ಫ್ರಾನ್ಸ್‌ನ ಆನ್ರಿ ಬ್ರಾಕೊನೋ ಅನ್ನೋ ಕೆಮಿಸ್ಟ್ ಸೆಲ್ಯುಲೋಸ್‌ಗೆ ಸಲ್ಫ್ಯೂರಿಕ್ ಆ್ಯಸಿಡ್ ಹಾಕಿ ಸಕ್ಕರೆ ಮಾಡಿ ತೋರಿಸಿದ್ದ. ಅಂದ್ರೆ 200 ವರ್ಷದಿಂದ "ಆಗುತ್ತೆ" ಅಂತ ಗೊತ್ತು, ತಾಪತ್ರಯ ಎಲ್ಲಾ ಖರ್ಚಿಂದು. ಈಗ ಬಳಸೋ ಎಂಜೈಮ್ ಇದ್ಯಲ್ಲ ಸೆಲ್ಯುಲೇಸ್, ಅದು ಬಹುಪಾಲು ಟ್ರೈಕೋಡರ್ಮಾ ರೀಸಿಯೈ ಅನ್ನೋ ಬೂಷ್ಟಿಂದ. ರೈತರಿಗೆ ಟ್ರೈಕೋಡರ್ಮಾ ಗೊತ್ತೇ ಇರುತ್ತೆ, ಬುಡ ಕೊಳೆಯೋದಕ್ಕೆ ಗೊಬ್ಬರದ ಜೊತೆ ಕೊಡ್ತಾರಲ್ಲ, ಅದರ ಅಣ್ಣ ತಮ್ಮ. ಇದು ಸಿಕ್ಕಿದ್ದು ಎರಡನೇ ಮಹಾಯುದ್ಧದಲ್ಲಿ, ಸಾಲೊಮನ್ ದ್ವೀಪಗಳಲ್ಲಿ ಅಮೆರಿಕ ಸೈನ್ಯದ ಕಾಟನ್ ಟೆಂಟು ಬಟ್ಟೆಗಳು ಸುಮ್ ಸುಮ್ನೆ ಲಡ್ಡಾಗಿ ಹರಿದು ಹೋಗ್ತಿದ್ವು, ಯಾಕೆ ಅಂತ ಹುಡುಕ್ಕೊಂಡು ಹೋದ್ರೆ ಈ ಬೂಷ್ಟು ಹತ್ತೀನ ತಿಂದು ಸಕ್ಕರೆ ಮಾಡ್ಕೋತಿತ್ತು. ಅದೇ ತಳಿಯ ಮೊಮ್ಮಕ್ಕಳನ್ನೇ ಇವತ್ತೂ ಫ್ಯಾಕ್ಟರಿಗಳಲ್ಲಿ ಬೆಳೆಸೋದು.

ಎರಡನೇ ತಲೆನೋವು ಹೆಮಿಸೆಲ್ಯುಲೋಸ್. ಬೆಂಡಲ್ಲಿ ಅಡಿಕೆ ಸಿಪ್ಪೆಯಲ್ಲಿ ಇದು ಜಾಸ್ತಿ. ಅದನ್ನ ಒಡೆದ್ರೆ ಬರೋದು ಮುಖ್ಯವಾಗಿ ಝೈಲೋಸ್, ಐದು ಕಾರ್ಬನ್ ಸಕ್ಕರೆ, ಬ್ರೆಡ್ಡಿಗೆ ಹಾಕೋ ಮಾಮೂಲಿ ಯೀಸ್ಟ್ ಅದನ್ನ ಮೂಸಿ ಕೂಡ ನೋಡಲ್ಲ, ಜೀನ್ ಬದಲಾಯಿಸಿದ ಯೀಸ್ಟೇ ಬೇಕು. ಆ್ಯಸಿಡ್ ಬಿಸಿ ಸ್ವಲ್ಪ ಹೆಚ್ಚಾದ್ರೆ ಆ ಝೈಲೋಸು ಫರ್ಫ್ಯೂರಲ್ ಅನ್ನೋ ಕೆಮಿಕಲ್ ಆಗಿ ಯೀಸ್ಟ್‌ಗೇ ವಿಷ. ಕಮ್ಮಿಯಾದ್ರೆ ನಾರು ಬಿಚ್ಚಲ್ಲ. ಆ ಹದ ಹಿಡಿಯೋದ್ರಲ್ಲೇ ಎಷ್ಟೋ ಪಿಎಚ್‌ಡಿಗಳು ಮುಗಿದಿವೆ, ನನ್ನ ಕ್ಲಾಸ್‌ಮೇಟ್ ಒಬ್ಬಳದ್ದೂ ಸೇರಿ.

ಲೆಕ್ಕ ಬೇಕಾ? ಒಂದು ಟನ್ ಚೆನ್ನಾಗಿ ಒಣಗಿದ ಬೆಂಡಲ್ಲಿ 380 ಕೆಜಿ ಸೆಲ್ಯುಲೋಸ್ ಇದೆ ಅಂತ ಇಟ್ಕೊಳ್ಳಿ. ಪೂರ್ತಿ ಒಡೆದ್ರೆ ನೀರು ಸೇರಿ ಸುಮಾರು 420 ಕೆಜಿ ಗ್ಲೂಕೋಸ್. ಒಂದು ಕೆಜಿ ಗ್ಲೂಕೋಸ್‌ಗೆ ಥಿಯರಿ ಪ್ರಕಾರ 0.51 ಕೆಜಿ ಎಥನಾಲ್, ಉಳಿದಿದ್ದು ಕಾರ್ಬನ್ ಡೈ ಆಕ್ಸೈಡ್ ಆಗಿ ಹಾರಿ ಹೋಗುತ್ತೆ. ಹಾಗಾಗಿ 215 ಕೆಜಿ, ಲೀಟರ್ ಲೆಕ್ಕದಲ್ಲಿ 270 ಹತ್ರ. ಇದು ಪುಸ್ತಕದ ಲೆಕ್ಕ, ಸೆಲ್ಯುಲೋಸ್ ಒಂದರಿಂದ. ಈಗ ಪಾಣಿಪತ್‌ದು ನೋಡಿ, 2022ರ ಆಗಸ್ಟ್ 10ಕ್ಕೆ ಉದ್ಘಾಟನೆ ಆಗಿದ್ದು, 900 ಕೋಟಿ ರೂಪಾಯಿಗೂ ಮೇಲೆ ಖರ್ಚು, ಪುಣೆಯ ಪ್ರಾಜ್ ಕಂಪನಿ ಟೆಕ್ನಾಲಜಿ, ಅವರೇ ಹೇಳ್ಕೊಂಡಿರೋ ಟಾರ್ಗೆಟ್ ವರ್ಷಕ್ಕೆ 2 ಲಕ್ಷ ಟನ್ ಹುಲ್ಲಿಂದ ಸುಮಾರು 3 ಕೋಟಿ ಲೀಟರ್. ಭಾಗಿಸಿ ನೋಡಿದ್ರೆ ಟನ್ನಿಗೆ 150 ಲೀಟರ್. ಹೊಲದಿಂದ ಬರೋ ಹುಲ್ಲಲ್ಲಿ ನೀರು, ಮಣ್ಣು, ಬೂದಿ ಎಲ್ಲಾ ಇರುತ್ತೆ ಅಲ್ವಾ.

ಸಿಂಧನೂರು_ಭತ್ತ:

ಕಚ್ಚಾ ಮಾಲು ಬಿಟ್ಟಿ ಅಂದ್ರಲ್ಲ ಅಣ್ಣಾ, ಅದೊಂದು ಮಾತಿಗೆ ನಾ ಉತ್ತರ ಕೊಡ್ತೀನಿ.

ನಮ್ಮ ಕಡೆ ತುಂಗಭದ್ರಾ ಕಾಲುವಿ ಭತ್ತ. ಮಷಿನ್ ಕಟಾವು ಆದ ಮ್ಯಾಲೆ ಹುಲ್ಲು ಗದ್ದಿ ತುಂಬಾ ಸಾಲು ಸಾಲು ಬಿದ್ದಿರ್ತದ. ನೋಡಾಕ ಬಿಟ್ಟೀನೇ. ಆದ್ರ ಅದನ್ನ ಎತ್ತಬೇಕಲ್ಲ. ರೋಲ್ ಕಟ್ಟೋ ಬೇಲರ್ ಬಾಡಿಗಿ, ಅದಕ್ಕ ಟ್ರ್ಯಾಕ್ಟರ್ ಡೀಸೆಲ್, ರೋಲ್ ಎತ್ತಿ ಹೇರಾಕ ಆಳು, ರಸ್ತಿಗೆ ತರೋ ಖರ್ಚು, ಇಡಾಕ ಜಾಗ. ಎಲ್ಲಾರದ್ದೂ ಕಟಾವು ಒಂದೇ ಸಲ, ಮುಂದಿನ ಬೆಳಿಗೆ ನೀರು ಬಿಟ್ರು ಅಂದ್ರ ಗದ್ದಿ ಖಾಲಿ ಮಾಡಲೇಬೇಕು, ಆ ಹದಿನೈದು ಇಪ್ಪತ್ತು ದಿನದಾಗ ಬೇಲರ್ ಸಿಗಂಗಿಲ್ಲ. ಕಾಯಾಕ ಆಗಂಗಿಲ್ಲ ಅಂತ ಕಡ್ಡಿ ಗೀರಿಬಿಡ್ತಾರ. ನಾವೇನ್ ಖುಷಿಯಿಂದ ಸುಡಂಗಿಲ್ಲ.

ರೋಲ್ ಕಟ್ಟಿಸೋದ್ರಾಗೂ ಆಟ ಅದ. ಬೆಳಿಗ್ಗಿ ಇಬ್ಬನಿ ಇದ್ದಾಗ ಕಟ್ಟಿದ್ರ ಒಳಗ ಬೂಷ್ಟು ಹಿಡೀತದ, ಹೊರಗಿಂದ ಬಂಗಾರದಂಗ ಕಾಣ್ತದ, ಬಿಚ್ಚಿದ್ರ ಕಪ್ಪು, ಮೂಗು ಮುಚ್ಚಿಕೋಬೇಕು. ಬೇಲರ್‌ನ ಹಲ್ಲು ಭಾಳ ತಗ್ಗಿಗೆ ಇಟ್ರ ಮಣ್ಣೂ ಸೇರಿ ಬರ್ತದ, ತೂಕ ಜಾಸ್ತಿ ಆಗ್ತದ ಅಂತ ಬೇಕಂತಲೇ ಇಡೋರೂ ಅದಾರ. ಆ ಮಣ್ಣೇ ಫ್ಯಾಕ್ಟರಿಯವ್ರ ಮಷಿನ್ ತಿನ್ನೋದು ಅಂತ ಮ್ಯಾಲಿನ ಅಣ್ಣಾರು ಹೇಳಿದ್ದು ಈಗ ಗೊತ್ತಾತು.

ಲೆಕ್ಕ ಹಾಕ್ರಿ, 2 ಲಕ್ಷ ಟನ್ ಅಂದ್ರ 300 ದಿನ ಓಡಿಸಿದ್ರೂ ದಿನಕ್ಕ 660 ಟನ್. ಲಾರಿಗೆ 10 ಟನ್ ಹೇರಿದ್ರೂ ದಿನಾ 66 ಲಾರಿ. ಹುಲ್ಲು ಬರೋದು ವರ್ಷದಾಗ ಎರಡು ಸಲ ಅಷ್ಟೇ, ಉಳಿದ ತಿಂಗಳಿಗೆ ಬಣವಿ ಒಟ್ಟಬೇಕು, ಬೆಂಕಿ ಬೀಳದಂಗ ಕಾಯಬೇಕು. ಇನ್ನ ಬರಗಾಲ ಬಿದ್ದ ವರ್ಷ ಆ ಹುಲ್ಲಿಗೆ ದನದ ಮಂದಿ ಫ್ಯಾಕ್ಟರಿಗಿಂತ ಹೆಚ್ಚು ರೊಕ್ಕ ಕೊಟ್ಟು ಒಯ್ತಾರ. ಒಯ್ಯಲಿ, ಅದೇ ಸರಿ ಅಂತೀನಿ ನಾ. ನೀವು ಬೆಂಡಿಗೆ ಒಂದು ಸಲ ರೇಟ್ ಕೊಟ್ಟು ನೋಡ್ರಿ, ಮರುವರ್ಷ ಅದು ಬಿಟ್ಟಿ ಇರಂಗಿಲ್ಲ.

ಮೈಲೇಜ್_ಮಂಜ:

ನಿಮ್ ಎಥನಾಲ್ ಸಾಕು ಮಾರಾಯ್ರೆ, ಇ20 (20 ಪರ್ಸೆಂಟ್ ಎಥನಾಲ್ ಬೆರೆಸಿದ ಪೆಟ್ರೋಲ್) ಬಂದ್ಮೇಲೆ ನನ್ ಬೈಕ್ ಮೈಲೇಜೇ ಬಿದ್ದೋಗಿದೆ 😡 ಹುಲ್ಲಿಂದ ಮಾಡಿದ್ರೆ ಜಾಸ್ತಿ ಕೊಡುತ್ತಾ?

ಲ್ಯಾಬ್_ಮೇಡಂ:

@ಮೈಲೇಜ್_ಮಂಜ ಇಲ್ಲ, ಕಬ್ಬಿಂದ ಆಗಲಿ ಹುಲ್ಲಿಂದ ಆಗಲಿ ಅಣು ಒಂದೇ. ಲೀಟರ್‌ಗೆ ಪೆಟ್ರೋಲಿಗಿಂತ ಮೂರನೇ ಒಂದು ಭಾಗ ಶಕ್ತಿ ಕಮ್ಮಿ. ಆ ಜಗಳಕ್ಕೆ ಬೇರೆ ಥ್ರೆಡ್ ಇದೆ, ಅಲ್ಲಿಗೆ ಬನ್ನಿ.

ಅಯೋವಾ_ಕನ್ನಡಿಗ:

ನಾನು ಅಮೆರಿಕದ ಅಯೋವಾದಲ್ಲಿರೋದು, ಸುತ್ತ ಕಣ್ಣು ಹಾಯಿಸಿದಷ್ಟೂ ಮೆಕ್ಕೆಜೋಳ, ನಮ್ ದಾವಣಗೆರೆಯನ್ನ ಹಿಗ್ಗಿಸಿ ಹಾಸಿದ ಹಾಗೆ. ಹಾಗಾಗಿ ಈ ಕಥೆ ಇಲ್ಲಿ ಹೇಗೆ ನಡೀತು ಅಂತ ಹೇಳ್ತೀನಿ, ಯಾಕಂದ್ರೆ ಇಲ್ಲಿನವ್ರು ಮಾಡಿದ್ದು ಅಚ್ಚು ನೀವು ಕೇಳ್ತಿರೋದನ್ನೇ, ಬೆಂಡು ಸೆಪ್ಪೆಯಿಂದ ಎಥನಾಲ್.

2014ರಲ್ಲಿ ಎಮ್ಮೆಟ್ಸ್‌ಬರ್ಗ್ ಅನ್ನೋ ಊರಲ್ಲಿ ಪೋಯಟ್-ಡಿಎಸ್‌ಎಂ ಅವರ ಪ್ರಾಜೆಕ್ಟ್ ಲಿಬರ್ಟಿ ಶುರುವಾಯ್ತು, 2015ರಲ್ಲಿ ನೆವಾಡಾ ಅನ್ನೋ ಊರಲ್ಲಿ (ರಾಜ್ಯ ಅಲ್ಲ, ಇಲ್ಲೇ ಅಯೋವಾದ ಊರು) ಡುಪಾಂಟ್‌ನವ್ರದ್ದು, ವರ್ಷಕ್ಕೆ 3 ಕೋಟಿ ಗ್ಯಾಲನ್ ಅಂದ್ರೆ 11 ಕೋಟಿ ಲೀಟರ್ ಮೇಲೆ ಕೆಪ್ಯಾಸಿಟಿ, 20 ಕೋಟಿ ಡಾಲರ್‌ಗೂ ಜಾಸ್ತಿ ಖರ್ಚು. ಅದೇ ಟೈಮಲ್ಲಿ ಕಾನ್ಸಾಸ್‌ನ ಹ್ಯೂಗೊಟನ್‌ನಲ್ಲಿ ಸ್ಪೇನ್‌ನ ಅಬೆಂಗೋವಾ ಒಂದು ಹಾಕ್ತು. ಮಂತ್ರಿ ಮಹೋದಯರೆಲ್ಲ ಬಂದು ರಿಬ್ಬನ್ ಕಟ್ ಮಾಡಿದ್ರು. ಆಮೇಲೆ ಏನಾಯ್ತು ಗೊತ್ತಾ, ಅಬೆಂಗೋವಾ ದಿವಾಳಿ, ಡುಪಾಂಟ್ 2017ರಲ್ಲಿ ಬಾಗಿಲು ಹಾಕಿ ಮಾರಾಟಕ್ಕಿಟ್ರು, ಪ್ರಾಜೆಕ್ಟ್ ಲಿಬರ್ಟಿ 2019ರಲ್ಲಿ ಎಥನಾಲ್ ತಯಾರಿ ನಿಲ್ಲಿಸ್ತು. ಅದಕ್ಕೂ ಮುಂಚೆ ಜಾರ್ಜಿಯಾದಲ್ಲಿ ರೇಂಜ್ ಫ್ಯೂಯಲ್ಸ್ ಅಂತ ಮರದ ಚಕ್ಕೆಯಿಂದ ಮಾಡ್ತೀವಿ ಅಂತ ಸರ್ಕಾರದ ದುಡ್ಡು ತಗೊಂಡೋರು 2011ಕ್ಕೇ ಮುಚ್ಚಿದ್ರು. ಯುರೋಪ್‌ನಲ್ಲೂ ಇದೇ ಹಾಡು, ಕ್ಲಾರಿಯಂಟ್‌ನವ್ರು ರೊಮೇನಿಯಾದಲ್ಲಿ ಗೋಧಿ ಹುಲ್ಲಿನ ಪ್ಲಾಂಟ್ ಹಾಕಿ ಎರಡು ವರ್ಷ ತುಂಬೋದ್ರಲ್ಲಿ ನಿಲ್ಲಿಸಿದ್ರು. ದುಡ್ಡಿಲ್ಲದ ಕಂಪನಿಗಳಲ್ಲ ಇವು, ಬುದ್ಧಿ ಇಲ್ಲದವ್ರೂ ಅಲ್ಲ.

ಮುಖ್ಯವಾಗಿ ಹೊಡೆತ ಬಿದ್ದಿದ್ದು ಇಲ್ಲಿ ಅರ್ಧ ಜನ ಹೇಳ್ತಿರೋ ಕಡೆನೇ, ಬೇಲ್ ಒಳಗೆ ಬರೋ ಮಣ್ಣು, ಪ್ರೀಟ್ರೀಟ್‌ಮೆಂಟ್ (ನಾರು ಬಿಚ್ಚೋ) ಮಷಿನ್‌ಗಳು ಕಟ್ಕೊಳ್ಳೋದು. ಸೆಪ್ಪೆ ನೀರಿನ ಹಾಗೆ ಪೈಪಲ್ಲಿ ಹರಿಯಲ್ಲ. ಜೊತೆಗೆ ಪಕ್ಕದಲ್ಲೇ ಜೋಳದ ಕಾಳಿಂದ ಅಗ್ಗವಾಗಿ ಎಥನಾಲ್ ಬರ್ತಿತ್ತು, ಪೆಟ್ರೋಲ್ ರೇಟ್ ಬಿತ್ತು.

ಆದ್ರೆ ನೆವಾಡಾ ಪ್ಲಾಂಟಿನ ಕಥೆ ಅಲ್ಲಿಗೆ ಮುಗೀಲಿಲ್ಲ. 2018ರಲ್ಲಿ ಜರ್ಮನಿಯ ವರ್ಬಿಯೋ ಅದನ್ನ ತಗೊಂಡು, ಅದೇ ಸೆಪ್ಪೆಯಿಂದ ಬಯೋಗ್ಯಾಸ್ ಮಾಡೋಕೆ ಹೊರಟಿತು. ಬ್ಯಾಕ್ಟೀರಿಯಾಗಳಿಗೆ ಐದು ಕಾರ್ಬನ್ ಆರು ಕಾರ್ಬನ್ ಅಂತ ಭೇದ ಇಲ್ಲ, ಭಟ್ಟಿ ಇಳಿಸೋ ಕೆಲಸಾನೂ ಇಲ್ಲ, ಗ್ಯಾಸ್ ತಾನೇ ಮೇಲೆ ಬರುತ್ತೆ, ಉಳಿದಿದ್ದು ಹೊಲಕ್ಕೆ ಗೊಬ್ಬರ. ಇದೇ ಕಂಪನಿ ಪಂಜಾಬ್‌ನ ಸಂಗ್ರೂರ್ ಜಿಲ್ಲೆಯಲ್ಲಿ ಭತ್ತದ ಹುಲ್ಲಿಂದ ಸಿಬಿಜಿ (ಒತ್ತಿ ತುಂಬಿದ ಬಯೋಗ್ಯಾಸ್) ಮಾಡೋ ಪ್ಲಾಂಟ್ ಹಾಕಿದೆ, 2022ರಲ್ಲಿ ಉದ್ಘಾಟನೆ ಆಯ್ತು.

ಬೆಂಡು_ಬಣವೆ:

ಇಷ್ಟೆಲ್ಲಾ ಬರೆದಿದ್ದಕ್ಕೆ ಎಲ್ಲರಿಗೂ ಥ್ಯಾಂಕ್ಸ್. ಭಾವಮೈದುನಂಗೆ ಪೂರ್ತಿ ಓದಿ ಹೇಳಿದೀನಿ, ಮುಖ ಸಪ್ಪಗೆ ಮಾಡ್ಕೊಂಡು ಕೂತಿದಾನೆ. ಆದ್ರೂ ಒಂದು ಡೌಟು, ಎಲ್ರೂ ಫೇಲ್ ಆದೋರ ಬಗ್ಗೆನೇ ಹೇಳಿದ್ರಿ. ಯಾರೂ ಗೆದ್ದಿಲ್ವಾ? ಅಸ್ಸಾಂನಲ್ಲಿ ಬಿದಿರಿಂದ ಮಾಡ್ತಾರೆ ಅಂತ ಟಿವಿಲಿ ಬಂದಿತ್ತಲ್ಲ? ಮತ್ತೆ ಆ ಸಬ್ಸಿಡಿ ವಿಷ್ಯ ಯಾರೂ ಹೇಳಲಿಲ್ಲ.

ಲ್ಯಾಬ್_ಮೇಡಂ:

ಗೆದ್ದೋರಿದಾರೆ, ಆದ್ರೆ ಅವರೆಲ್ಲ ಎಥನಾಲ್ ಒಂದನ್ನೇ ನಂಬ್ಕೊಂಡೋರಲ್ಲ, ಇಲ್ಲಾ ಕಚ್ಚಾ ಮಾಲು ಕಾಲಬುಡದಲ್ಲೇ ಇದ್ದೋರು. ನಾರ್ವೆಯ ಸಾರ್ಪ್ಸ್‌ಬೋರ್ಗ್‌ನಲ್ಲಿ ಬೋರೆಗಾರ್ಡ್ ಕಂಪನಿ 1938ರಿಂದ ಮರದಿಂದ ಎಥನಾಲ್ ತೆಗೀತಿದೆ. ಅವರ ಕಸುಬು ಸ್ಪ್ರೂಸ್ ಮರದ ಪಲ್ಪು, ಅದನ್ನ ಬೇಯಿಸಿದ ನೀರಲ್ಲಿ ಉಳಿಯೋ ಸಕ್ಕರೆಯಿಂದ ಎಥನಾಲ್, ಲಿಗ್ನಿನ್‌ನ ಸಿಮೆಂಟಿಗೆ ಕಲಸೋ ಕೆಮಿಕಲ್ ಮಾಡಿ ಮಾರ್ತಾರೆ, ವೆನಿಲ್ಲಾ ಎಸೆನ್ಸ್ ಕೂಡ ಅದರಿಂದಲೇ! ಇನ್ನೊಂದು ಅನುಕೂಲ, ಸ್ಪ್ರೂಸ್ ತರದ ಸೂಜಿ ಎಲೆ ಮರಗಳ ಹೆಮಿಸೆಲ್ಯುಲೋಸ್‌ನಲ್ಲಿ ಆರು ಕಾರ್ಬನ್ ಸಕ್ಕರೆನೇ ಹೆಚ್ಚು, ಮಾಮೂಲಿ ಯೀಸ್ಟ್ ತಿನ್ನುತ್ತೆ. ನಮ್ಮ ನೀಲಗಿರಿ, ಬಿದಿರು, ಹುಲ್ಲು, ಬೆಂಡು ಎಲ್ಲಾ ಝೈಲೋಸ್ ಪಾರ್ಟಿ.

ಅಸ್ಸಾಂದು ನುಮಾಲಿಗಢ, 2025ರ ಸೆಪ್ಟೆಂಬರ್‌ನಲ್ಲಿ ಉದ್ಘಾಟನೆ ಆಯ್ತು. ಫಿನ್ಲೆಂಡ್‌ನ ಕೆಂಪೊಲಿಸ್ ಕಂಪನಿಯ ಟೆಕ್ನಾಲಜಿ. ವರ್ಷಕ್ಕೆ 5 ಲಕ್ಷ ಟನ್ ಹಸಿ ಬಿದಿರು ಬೇಕು, ಅದರಿಂದ 49 ಸಾವಿರ ಟನ್ ಎಥನಾಲ್, ಜೊತೆಗೆ 19 ಸಾವಿರ ಟನ್ ಫರ್ಫ್ಯೂರಲ್, 11 ಸಾವಿರ ಟನ್ ಅಸಿಟಿಕ್ ಆ್ಯಸಿಡ್. ಆ ಫರ್ಫ್ಯೂರಲ್ ಇಲ್ಲಿ ವಿಷ ಅಲ್ಲ, ಮಾರೋ ಮಾಲು, ಹಠ ಹಿಡಿದು ಝೈಲೋಸ್‌ನ ಎಥನಾಲ್ ಮಾಡೋಕೆ ಹೋಗಿಲ್ಲ ಅವರು. ಚೀನಾದಲ್ಲಂತೂ ಜೋಳದ ಬೆಂಡಿಂದ ಫರ್ಫ್ಯೂರಲ್ ಮಾಡೋದೇ ದೊಡ್ಡ ಉದ್ಯಮ. ನನಗೆ ಕೇಳಿದ್ರೆ ಕರ್ನಾಟಕದ ಬೆಂಡಿಗೂ ಅದೇ ದಾರಿ ಸರಿ, ಎಥನಾಲ್ ಅನ್ನೋ ಹೆಸರಿಗೆ ಮರುಳಾಗೋದು ಬೇಡ.

ಸಬ್ಸಿಡಿ: 2019ರಲ್ಲಿ ಇಂಥ ಎಥನಾಲ್ ಪ್ಲಾಂಟ್‌ಗಳಿಗೆ ಕೇಂದ್ರದವ್ರು ಪಿಎಂ ಜಿ-ವನ್ ಯೋಜನೆ ಅಂತ ತಂದ್ರು, ಒಟ್ಟು 1,969.50 ಕೋಟಿ, ಒಂದು ಕಮರ್ಷಿಯಲ್ ಪ್ಲಾಂಟಿಗೆ ಹೆಚ್ಚಂದ್ರೆ 150 ಕೋಟಿ. ನಿಮ್ಮ ದಾವಣಗೆರೆ ಎಂಆರ್‌ಪಿಎಲ್ ಪ್ರಾಜೆಕ್ಟ್ ಹೆಸರೂ ಆ ಪಟ್ಟೀಲಿ ಇತ್ತು. 150 ಕೋಟಿ ಕೊಡ್ತೀವಿ ಅಂದ್ರೂ ಕಂಪನಿಗಳು ಮೀನಮೇಷ ಎಣಿಸ್ತವೆ ಅಂದ್ರೆ ನಾಲ್ಕೈದು ಜನ ಸೇರಿ ಹಾಕೋ ಯೂನಿಟ್‌ಗೆ ಅದು ಸಂಬಂಧ ಇಲ್ಲದ ವಿಷ್ಯ.

ಡಿಸ್ಟಿಲರಿ_ನೈಟ್‌ಶಿಫ್ಟ್:

ಮೇಡಂ ಅವ್ರು ಹೇಳಿದ್ದು ಖರೆ. ಬ್ರೆಜಿಲ್‌ನಾಗ ರೈಝೆನ್ ಕಂಪನಿಯವ್ರು ಬಗಾಸ್‌ನಿಂದ ಮಾಡ್ತಾರ, ಸಕ್ಕರಿ ಫ್ಯಾಕ್ಟರಿ ಕಂಪೌಂಡಿಗೆ ಹಚ್ಚಿ. ನಮ್ಮಲ್ಲಿ ಯಾರರೆ ಗೆಲ್ಲೋದಿದ್ರ ಹಂಗs ಗೆಲ್ಲಬೇಕು ಅನಸ್ತೈತಿ ನನಗ. ಮೆಕ್ಕಿಜ್ವಾಳದ ಕಾಳಿನ ಎಥನಾಲಿಗೆ ಆಯಿಲ್ ಕಂಪನಿ 2024-25ರಾಗ ಲೀಟರಿಗೆ 71 ರೂಪಾಯಿ 86 ಪೈಸೆ ಕೊಟ್ಟಿರೋವಾಗ ಕಾಳು ಬಿಟ್ಟು ಬೆಂಡು ಕುದಿಸೋ ಉಸಾಬರಿ ಯಾವ ಡಿಸ್ಟಿಲರಿ ಮಾಲಕಗೂ ಬ್ಯಾಡ.

ಬೆಂಡು_ಬಣವೆ:

ಸರಿ ಬಿಡಿ, ಎಥನಾಲ್ ಕ್ಯಾನ್ಸಲ್. ಈಗ ಸಿಪ್ಪೆ ಬೆಂಡು ಏನ್ ಮಾಡ್ಲಿ? ಪುಡಿ ಮಾಡಿ ಒತ್ತಿ ಉರುವಲು ಮಾಡೋ ಪೆಲೆಟ್, ಬ್ರಿಕೆಟ್ ಅಂತಾರಲ್ಲ ಅದಾದ್ರೂ ಆಗುತ್ತಾ? ಅದರ ರೀಲೂ ಬಂದಿದೆ 😄

ಸಿಂಧನೂರು_ಭತ್ತ:

ಅದು ಆಗ್ತದ ಅಣ್ಣಾ. ನಮ್ಮ ರಾಯಚೂರು ಕಡೆ ಹತ್ತಿ ಕಟ್ಟಿಗಿ, ತೊಗರಿ ಕಟ್ಟಿಗಿ ಪುಡಿ ಮಾಡಿ ಬ್ರಿಕೆಟ್ ಒತ್ತೋರು ಅದಾರ. ಕಲ್ಲಿದ್ದಲು ಕರೆಂಟ್ ಪ್ಲಾಂಟ್‌ನವ್ರು ಕಲ್ಲಿದ್ದಲ ಜೊತಿ 5 ಪರ್ಸೆಂಟ್ ಇಂಥಾ ಪೆಲೆಟ್ ಸುಡಬೇಕಂತ 2021ರಾಗ ಕೇಂದ್ರದವ್ರು ಪಾಲಿಸಿ ತಂದಾರ, ಹಂಗಾಗಿ ಕೇಳೋರು ಅದಾರ. ಬೆಂಡು ಈ ಕೆಲಸಕ್ಕ ಛಲೋ, ಬೂದಿ ಭಾಳ ಕಮ್ಮಿ ಬರ್ತದ. ನಮ್ಮ ಭತ್ತದ ಹುಲ್ಲಿನ್ಯಾಗ ಬರೇ ಬೂದಿ, ಬಾಯ್ಲರ್‌ನವ್ರು ಮೂಗು ಮುರೀತಾರ.

ಡಿಸ್ಟಿಲರಿ_ನೈಟ್‌ಶಿಫ್ಟ್:

ಬ್ರಿಕೆಟ್ ಮಷಿನ್ ತಗೊಳ್ಳೂಕ್ಕಿಂತ ಮೊದ್ಲ ಹತ್ರದ ಬಾಯ್ಲರ್ ಇರೋ ಫ್ಯಾಕ್ಟರಿಗಳಿಗೆ ಹೋಗಿ ಬೆಂಡನ್ನ ಹಂಗs ತಗೋತಾರೇನು ಕೇಳ್ರಿ, ಒತ್ತೋ ಕರೆಂಟ್ ಖರ್ಚರೆ ಉಳೀತೈತಿ. ಕೇಳೋವಾಗ ಟನ್ನಿಗೆ ಎಷ್ಟು ಅಂತ ಒಂದs ಕೇಳಬ್ಯಾಡ್ರಿ, ತೇವಾಂಶ ಎಷ್ಟು ಪರ್ಸೆಂಟ್ ದಾಟಿದ್ರ ಎಷ್ಟು ಕಟ್ ಮಾಡ್ತೀರಿ ಅಂತ ಬರವಣಿಗ್ಯಾಗ ತಗೋರಿ. ಗೇಟಿನ್ಯಾಗ ಮೀಟರ್ ಚುಚ್ಚಿ ನೋಡಿ ಕಟಿಂಗ್ ಹಾಕೋದರಾಗ ಎಷ್ಟೋ ಮಂದಿ ಮುಳುಗ್ಯಾರ. ಅಡಿಕಿ ಸಿಪ್ಪಿ ನಾರು ನಾರು ಇರ್ತೈತಿ, ಪುಡಿ ಮಾಡೋ ಮಷಿನ್‌ಗೆ ಸುತ್ತಿಕೋತೈತಿ, ಒಂದು ಚೀಲ ಒಯ್ದು ಅವ್ರ ಮಷಿನ್‌ಗೇ ಹಾಕಿಸಿ ನೋಡಿದ ಮ್ಯಾಲೆ ಮುಂದಿನ ಮಾತು.

ಲ್ಯಾಬ್_ಮೇಡಂ:

ಸಿಪ್ಪೆ ಮಾರೋದಕ್ಕಿಂತ ತೋಟಕ್ಕೇ ವಾಪಸ್ ಹಾಕೋದು ಲೇಸು ಅಂತ ನನ್ನ ಅಭಿಪ್ರಾಯ. ವಿಟ್ಲದ ಸಿಪಿಸಿಆರ್‌ಐ (ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ) ಕೇಂದ್ರದವ್ರು ಅಡಿಕೆ ತೋಟದ ಕಸದಿಂದ ಎರೆಗೊಬ್ಬರ ಮಾಡೋದನ್ನ ಕಲಿಸ್ತಾರೆ, ಸಿಪ್ಪೆ ಕೊಳೆಯೋಕೆ ತಡ ಆಗುತ್ತೆ, ಸಗಣಿ ಬಗ್ಗಡ ಜೊತೆ ಹಾಕಿ ತೇವ ಇಡಬೇಕು. ಬೆಂಡು ಮಾರಿ, ಸಿಪ್ಪೆ ಕೊಳೆಸಿ. ಖೇಣಿಯವ್ರಿಗೆ ಸಿಪ್ಪೆ ರೋಡಿಗೆ ಸುರೀಬೇಡಿ, ನಮ್ ತೋಟದ ಬದೀಗೆ ಹಾಕಿ ಹೋಗಿ ಅಂದ್ರೆ ಬೇಡ ಅಂತಾರಾ?

ಬೆಂಡು_ಬಣವೆ:

ಬೇಡ ಅನ್ನಲ್ಲ ಮೇಡಂ, ಡೀಸೆಲ್‌ಗೆ ದುಡ್ಡು ಕೇಳ್ತಾರೆ. ಸೋಮವಾರ ಹರಿಹರದ ಕಡೆ ಒಂದೆರಡು ಫ್ಯಾಕ್ಟರಿಗೆ ಬೆಂಡಿನ ರೇಟ್ ಕೇಳೋಕೆ ಹೋಗ್ತಿದೀವಿ, ಭಾವಮೈದ ಮಾಯಿಶ್ಚರ್ ಮೀಟರ್‌ಗೆ ಆಗ್ಲೇ ಆನ್‌ಲೈನ್ ಆರ್ಡರ್ ಹಾಕಿದಾನೆ. ಏನು ರೇಟ್ ಹೇಳಿದ್ರು ಅಂತ ಇಲ್ಲೇ ಹಾಕ್ತೀನಿ.